ಆದವಾನಿಯನ್ನು ಕಾಯ್ದ ಸಿದ್ದಿ

ಹಳಿಯಾಳ, ಮುಂಡಗೋಡ, ಜೋಯಿಡಾ ಕಡೆಯ ಸಿದ್ದಿಗಳೆಂದರೆ ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದ ಗುಲಾಮರ ಸಂತತಿ ಎಂಬ ಮಾತೇ ರೂಢಿ. ಆದರೆ ಆಫ್ರಿಕಾ ಮೂಲದವರು ದಖ್ಖನಿನಲ್ಲಿ ಕೋಟೆಗಳನ್ನೂ ಆಳಿದ್ದರು.

ಹಬಶಿ ಸರದಾರ ಸಿದ್ದಿ ಮಸೂದ್ 1678ರಲ್ಲಿ ಬಿಜಾಪುರದ ಬಾಲರಾಜ ಸಿಕಂದರ್ ಆದಿಲ್‌ಶಾಹನ ಪರವಾಗಿ ಆಡಳಿತ ವಹಿಸಿಕೊಂಡ. 1683ರಲ್ಲಿ ಅದನ್ನು ಬಿಟ್ಟು, ತುಂಗಭದ್ರೆಯ ದಕ್ಷಿಣಕ್ಕಿರುವ ಆದವಾನಿ ಕೋಟೆ ಸೇರಿದ. 1686ರಲ್ಲಿ ಬಿಜಾಪುರವೇ ಔರಂಗಜೇಬನಿಗೆ ಶರಣಾಯಿತು. ಆದವಾನಿ ಮಣಿದದ್ದು 1688ರಲ್ಲಿ. ಮೊಗಲರು ತೋಪುಗಳನ್ನು ತಾನು ಕಟ್ಟಿಸಿದ ಜಾಮಿಯಾ ಮಸೀದಿಯತ್ತ ತಿರುಗಿಸಿದಾಗ, ಅದನ್ನು ಉಳಿಸಿಕೊಳ್ಳಲು ಮಸೂದ್ ಕೋಟೆ ಒಪ್ಪಿಸಿದನೆಂದು ಪ್ರತೀತಿ. ಆಂಧ್ರದ ಆದೋನಿಯಲ್ಲಿ ಆ ಮಸೀದಿ ಈಗಲೂ ಇದೆ.

ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಗುಲಾಮಗಿರಿಯ ಕಥೆಯೊಡನೆ ಕೋಟೆಯ ಕಥೆಯನ್ನೂ ಹೇಳದಿದ್ದರೆ ಸಿದ್ದಿಗಳ ಚರಿತ್ರೆ ಅರ್ಧವಷ್ಟೇ ಆದೀತು.