ಶುಂಠಿ ನಮ್ಮದು, ಜಾಡಿ ಯಾರದ್ದು?

ಡಿಸೆಂಬರ್ ಬಂದರೆ ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಪ್ಲಮ್ ಕೇಕಿನ ಡಬ್ಬಿಗಳು ಸಾಲಾಗಿ ಕೂರುತ್ತವೆ. ಕೆಲವು ವರ್ಷಗಳ ಹಿಂದೆ ಅಂಥದ್ದೊಂದು ತುಂಡು ಬಾಯಿಗೆ ಹಾಕಿಕೊಂಡೆ. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ ಎಲ್ಲ ಆದ ಮೇಲೆ ಹಲ್ಲಿಗೆ ಇನ್ನೇನೋ ಸಿಕ್ತು. ಮೊದಲು ಸಿಹಿ, ಹಿಂದೆಯೇ ಸಣ್ಣ ಖಾರ. ಸಕ್ಕರೆ ಪಾಕದಲ್ಲಿ ಬೇಯಿಸಿದ ಶುಂಠಿ! ಕುತೂಹಲಕ್ಕೆ ಆನ್‌ಲೈನಲ್ಲಿ ಹುಡುಕಿದೆ. ಹೊರದೇಶದಿಂದ ಬಂದ ಪುಟ್ಟ ಜಾಡಿ, ಅಂಗೈಯಲ್ಲಿ ಹಿಡಿಸುವಷ್ಟು. ಬೆಲೆ ಏಳುನೂರು ರೂಪಾಯಿ ಚಿಲ್ಲರೆ.

ಅದೇ ವಾರ ಊರಿಂದ ಅಪ್ಪಯ್ಯನ ಫೋನು. ನಮ್ಮದು ಸಾಗರದ ಕಡೆಯ ಹಳ್ಳಿ. ಆ ವರ್ಷ ಒಂದೂವರೆ ಎಕರೆ ಗದ್ದೆಗೆ ಶುಂಠಿ ಹಾಕಿದ್ದರು. "ರೇಟು ಬಿದ್ದೋಗಿದೆ ತಮ್ಮಾ, ಚೀಲಕ್ಕೆ ಏಳುನೂರು ಅಂತಾನೆ. ಕೀಳೋ ಕೂಲಿನೂ ಹುಟ್ಟೋದಿಲ್ಲ. ನೆಲದಲ್ಲೇ ಬಿಡ್ತೀನಿ" ಅಂದ್ರು. ಶುಂಠಿ ಚೀಲ ಅಂದ್ರೆ ನಮ್ಮ ಕಡೆ 60 ಕೆ.ಜಿ. ಒಂದು ಜಾಡಿಯ ದುಡ್ಡಿಗೆ ಒಂದು ಚೀಲ!

ಕೀಳದೆ ಬಿಟ್ಟ ಶುಂಠಿ ಮುಂದಿನ ವರ್ಷ 'ಹಳೆ ಶುಂಠಿ'ಯಾಗಿ ಒಳ್ಳೆ ಬೆಲೆಗೆ ಹೋಗೋದೂ ಉಂಟು. ನಮ್ಮದು ಹೋಗಲಿಲ್ಲ. ಜೂನ್ ಮಳೆಗೆ ಕೊಳೆರೋಗ ಬಂತು. ಗದ್ದೆ ಅಂಚಿನಲ್ಲಿ ನಿಂತರೆ ವಾಸನೆ ಬರ್ತಿತ್ತು. ಅಪ್ಪಯ್ಯ ಏನೂ ಮಾತಾಡಲಿಲ್ಲ, ಅಗೆದು ತೆಗೆದು ದೂರ ಎಸೆದು ಬಂದರು. ಬ್ಯಾಂಕ್ ಸಾಲದ ಕಂತನ್ನು ಎರಡು ವರ್ಷ ನಾನು ಕಟ್ಟಿದೆ. ಅದು ದೊಡ್ಡ ವಿಷಯ ಅಲ್ಲ. ಆದರೆ ಒಂದು ಪ್ರಶ್ನೆ ತಲೆಯಲ್ಲಿ ಉಳಿದುಬಿಡ್ತು. ನೆಲದಿಂದ ಕಿತ್ತರೆ ಕೆಲವೇ ವಾರಗಳಲ್ಲಿ ಬಾಡುವ, ಬೂಸ್ಟು ಹಿಡಿಯುವ ಈ ಗೆಡ್ಡೆ, ಫ್ರಿಜ್ ಇಲ್ಲದ ಕಾಲದಲ್ಲಿ ಸಮುದ್ರ ದಾಟಿ ಹೋಗಿದ್ದು ಹೇಗೆ? ಹೋದ ಮೇಲೆ ದುಡ್ಡು ಮಾಡಿದ್ದು ಯಾರು?

ಎರಡು ಸಾವಿರ ವರ್ಷ ಹಿಂದಕ್ಕೆ ಹೋಗೋಣ. ರೋಮನ್ ಲೇಖಕ ಪ್ಲಿನಿ ಮೊದಲನೇ ಶತಮಾನದಲ್ಲಿ ತನ್ನ ಕಾಲದ ಮಸಾಲೆ ರೇಟುಗಳನ್ನು ಬರೆದಿಟ್ಟಿದ್ದಾನೆ. ಒಂದು ರೋಮನ್ ಪೌಂಡ್ ಕರಿಮೆಣಸಿಗೆ 4 ದಿನಾರಿಯಸ್, ಶುಂಠಿಗೆ 6. ಅಂದರೆ ನಾವೆಲ್ಲ 'ಕಪ್ಪು ಬಂಗಾರ' ಅಂತ ಹೊಗಳುವ ಮೆಣಸಿಗಿಂತ ಶುಂಠಿಯೇ ದುಬಾರಿ. ಶುಂಠಿ ಬೇಗ ಹಾಳಾಗುತ್ತೆ ಅನ್ನುವುದೂ ಅವನಿಗೆ ಗೊತ್ತಿತ್ತು. ಅದೇ ಕಾಲದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಇನ್ನೂ ಸ್ಪಷ್ಟವಾಗಿ ಹೇಳ್ತಾನೆ: ಗೆಡ್ಡೆ ಕೊಳೆಯುತ್ತೆ, ಹಾಗಾಗಿ ಅದನ್ನು ಕೆಡದಂತೆ ಮಾಡಿ ಮಣ್ಣಿನ ಜಾಡಿಗಳಲ್ಲಿ ತುಂಬಿ ಇಟಲಿಗೆ ತರುತ್ತಾರೆ. ನಮ್ಮ ಗದ್ದೆಯ ಸಮಸ್ಯೆಯೂ ಅದೇ, ಪರಿಹಾರವೂ ಅದೇ. ಎರಡೂ ಆಗಲೇ ದಾಖಲಾಗಿತ್ತು.

ಇದಕ್ಕಿಂತ ತಮಾಷೆಯ ಸಂಗತಿ ಇನ್ನೊಂದಿದೆ. ಶುಂಠಿ ಎಲ್ಲಿ ಬೆಳೆಯುತ್ತೆ ಅಂತ ಇವರಿಬ್ಬರೂ ಬರೆದಿದ್ದಾರೆ. ಭಾರತದಲ್ಲಿ ಅಂತಲ್ಲ, ಅರೇಬಿಯಾ ಮತ್ತು ಕೆಂಪು ಸಮುದ್ರದ ಆಫ್ರಿಕಾ ದಂಡೆಯಲ್ಲಿ ಅಂತ! ಸರಕು ಆ ಬಂದರುಗಳ ಮೂಲಕ ಬರುತ್ತಿತ್ತು, ತಂದವನೇ ಬೆಳೆದವನು ಅಂತ ಅಂದುಕೊಂಡರು. ಬೆಳೆದವನ ವಿಳಾಸ ದಾರಿಯಲ್ಲೇ ಕಳೆದುಹೋಯ್ತು.

ವಿಳಾಸ ಉಳಿದಿದ್ದು ಹೆಸರಲ್ಲಿ ಮಾತ್ರ. ಗ್ರೀಕರ ಜಿಂಗಿಬೆರಿಸ್, ಪಾಲಿಯ ಸಿಂಗಿವೇರ, ಸಂಸ್ಕೃತದ ಶೃಂಗವೇರ, ಇಂಗ್ಲಿಷಿನ ಜಿಂಜರ್ ಎಲ್ಲ ಒಂದೇ ಮನೆಯ ಮಕ್ಕಳು. ಕೊಂಬಿನ ಆಕಾರ ಇದೆ, ಅದಕ್ಕೇ ಶೃಂಗವೇರ ಅಂತ ಹಳೇ ವಿವರಣೆ. ಆದರೆ ಮೂಲ ದ್ರಾವಿಡದ್ದು ಅಂತ ಈಗ ಬಹಳ ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ತಮಿಳು, ಮಲಯಾಳಂನ 'ಇಂಜಿ', ಅದರ ಜೊತೆ 'ವೇರ್'. ಆ ವೇರ್ ನಮ್ಮ 'ಬೇರು'. ಲಂಡನ್ನಿನ ಬೇಕರಿಯಲ್ಲಿ ಯಾರೋ ಜಿಂಜರ್ ಅಂದಾಗೆಲ್ಲ ಅದರೊಳಗೆ ನಮ್ಮ ಬೇರು ಇದೆ.

ಶುಂಠಿಯನ್ನು ಉಳಿಸಿಕೊಳ್ಳುವ ದಾರಿ ಮುಖ್ಯವಾಗಿ ಮೂರು. ಮೊದಲನೆಯದು ಒಣಗಿಸೋದು. ಮೇಲಿನ ಸಿಪ್ಪೆ ಹೆರೆದು, ಎಂಟು ಹತ್ತು ದಿನ ಬಿಸಿಲಲ್ಲಿ ಹರವಬೇಕು. ಸುಮಾರು ಐದು ಕೆ.ಜಿ. ಹಸಿ ಶುಂಠಿಗೆ ಒಂದು ಕೆ.ಜಿ. ಒಣಶುಂಠಿ. ಎರಡನೆಯದು ಉಪ್ಪು, ಹುಳಿ. ಅಮ್ಮನ ಉಪ್ಪಿನಕಾಯಿ ಭರಣಿಯ ದಾರಿ. ಮೂರನೆಯದು ಸಿಹಿ: ಜೇನು, ಬೆಲ್ಲ, ಸಕ್ಕರೆ. ಮೂರರ ಲಾಜಿಕ್ಕೂ ಒಂದೇ. ಬೂಸ್ಟಿಗೂ ಬ್ಯಾಕ್ಟೀರಿಯಾಕ್ಕೂ ಬದುಕಲು ನೀರು ಬೇಕು. ಒಣಗಿಸಿದರೆ ನೀರೇ ಇಲ್ಲ. ಉಪ್ಪು ಅಥವಾ ಸಕ್ಕರೆ ಗಟ್ಟಿಯಾಗಿ ಸೇರಿಸಿದರೆ ನೀರು ಇರುತ್ತೆ, ಆದರೆ ಅವುಗಳಿಗೆ ಸಿಗೋದಿಲ್ಲ, ಬ್ಲಾಕ್ ಆಗಿರುತ್ತೆ. ಲಾಕ್ ಆದ ಫೈಲಿನ ಹಾಗೆ.

ಯುರೋಪಿನವರು ಈ ಮೂರನೇ ದಾರಿಗೆ ಮರುಳಾದರು. ಜಿಂಜರ್‌ಬ್ರೆಡ್ ಗೊತ್ತಲ್ವಾ, ಮನುಷ್ಯಾಕೃತಿಯ ಬಿಸ್ಕತ್ತು? ಅದರ ಹೆಸರಲ್ಲಿ 'ಬ್ರೆಡ್' ಇರೋದು ಒಂದು ಅಪಾರ್ಥದಿಂದ. ಹಳೇ ಫ್ರೆಂಚಿನಲ್ಲಿ 'ಜಿಂಜೆಬ್ರಾಸ್' ಅಂದರೆ ಕೆಡದಂತೆ ಸಿಹಿಯಲ್ಲಿ ಹಾಕಿಟ್ಟ ಶುಂಠಿ, ನಮ್ಮ ಮುರಬ್ಬದ ಹಾಗೆ. ಇಂಗ್ಲಿಷರ ಕಿವಿಗೆ ಆ 'ಬ್ರಾಸ್' 'ಬ್ರೆಡ್' ಆಗಿ ಕೇಳಿಸ್ತು. 15ನೇ ಶತಮಾನದ ಇಂಗ್ಲಿಷ್ ಪಾಕವಿಧಾನದಲ್ಲಿ ಒಲೆಯಲ್ಲಿ ಬೇಯಿಸುವ ಮಾತೇ ಇಲ್ಲ. ಜೇನು ಕುದಿಸಿ, ಕೇಸರಿ, ಮೆಣಸಿನ ಪುಡಿ ಹಾಕಿ, ಬ್ರೆಡ್ ಪುಡಿ ಸುರಿದು ಗಟ್ಟಿ ಮಾಡಿ, ತುಂಡು ಕತ್ತರಿಸೋದು. ನಮ್ಮ ಬರ್ಫಿಯೇ ಸರಿ. ಆ ಹಸ್ತಪ್ರತಿಯಲ್ಲಿ ಪಟ್ಟಿ ಬರೆದವನು ಶುಂಠಿಯನ್ನೇ ಬಿಟ್ಟುಬಿಟ್ಟಿದ್ದಾನೆ, ಅದು ಬೇರೆ ಮಾತು! ಜೇನಿನ ಜಾಗಕ್ಕೆ ಸಕ್ಕರೆ ಕಾರ್ಖಾನೆಯ ಕಾಕಂಬಿ ಬಂದು, ಓವನ್ ಸೇರಿ, ಈಗಿನ ಜಿಂಜರ್‌ಬ್ರೆಡ್ ಆಗಿದ್ದು ಆಮೇಲೆ. ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಓಟ್ಸ್, ಕಾಕಂಬಿ, ಶುಂಠಿ ಹಾಕಿ ಮಾಡುವ 'ಪಾರ್ಕಿನ್' ಅಂತ ಕೇಕಿದೆ. ಅದನ್ನು ಮಾಡಿದ ದಿನ ತಿನ್ನೋದಿಲ್ಲ. ಡಬ್ಬಿಯಲ್ಲಿ ಕೆಲವು ದಿನ ಇಟ್ಟರೇ ರುಚಿ.

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. ಹೊರಡುವಾಗ ಸಾಮೂದಿರಿ ರಾಜ ಪೋರ್ಚುಗಲ್ ದೊರೆಗೆ ಕೊಟ್ಟ ಓಲೆಯ ಸಾರಾಂಶ ಇಷ್ಟೇ: ನನ್ನ ರಾಜ್ಯದಲ್ಲಿ ದಾಲ್ಚಿನ್ನಿ, ಲವಂಗ, ಶುಂಠಿ, ಮೆಣಸು ಬೇಕಾದಷ್ಟಿದೆ, ಬದಲಿಗೆ ಚಿನ್ನ, ಬೆಳ್ಳಿ, ಹವಳ, ಕೆಂಪು ಬಟ್ಟೆ ಕಳಿಸಿ. ಪಾಪ, ಅವನಿಗೆ ಒಂದು ವಿಷಯ ಹೊಳೆದಿರಲಿಕ್ಕಿಲ್ಲ. ಮೆಣಸಿನ ಬಳ್ಳಿ, ಲವಂಗದ ಮರ ಸಾಗಿಸೋದು ಕಷ್ಟ. ಶುಂಠಿ ಹಾಗಲ್ಲ. ಜೀವ ಇರುವ ಒಂದು ತುಂಡು ಸಿಕ್ಕರೆ ಎಲ್ಲಿ ಬೇಕಾದರೂ ನೆಡಬಹುದು. 16ನೇ ಶತಮಾನದಲ್ಲೇ ಸ್ಪೇನಿನವರು ಅದನ್ನು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ನೆಟ್ಟು, ಹಡಗು ತುಂಬಿ ಯುರೋಪಿಗೆ ಕಳಿಸತೊಡಗಿದರು. ಮುಂದೆ ಜಮೈಕಾ ಶುಂಠಿ ಅಂದರೆ ಒಂದು ಬ್ರ್ಯಾಂಡೇ ಆಯ್ತು.

ಅದೇ ದ್ವೀಪಗಳಲ್ಲಿ ಕಬ್ಬೂ ಇತ್ತು. ಕಬ್ಬು ಕಡಿದು, ಗಾಣ ನಡೆಸಿ, ಕೊಪ್ಪರಿಗೆ ಮುಂದೆ ಬೆಂದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಇಂಗ್ಲೆಂಡಿನ ಅಡುಗೆಮನೆಯ ಜಾಮು, ಮುರಬ್ಬ, ಕೇಕಿನ ಹಿಂದೆ ಆ ಸಕ್ಕರೆ ಇದೆ. 1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದು ಮಾಡುವ ಕಾಯಿದೆ ತಂದಾಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಯಾರಿಗೆ? ಗುಲಾಮರಿಗಲ್ಲ, ಅವರ ಮಾಲೀಕರಿಗೆ. ಇದನ್ನು ಮೊದಲ ಸಲ ಓದಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇನ್ನು ಸೇಬು. ಅದರ ಮೂಲ ಮಧ್ಯ ಏಷ್ಯಾದ ತಿಯೆನ್‌ಶಾನ್ ಬೆಟ್ಟಗಳ ಕಾಡುಸೇಬು. ಶುಂಠಿ ಇಂಗ್ಲೆಂಡಿಗೆ ನೆಂಟ, ಸೇಬು ಅಲ್ಲಿ ಮನೆಮಗ. ಆದರೆ ಅವರಿಗೂ ಚಿಂತೆ ಅದೇ. ಹಣ್ಣೆಲ್ಲ ಚಳಿಗಾಲಕ್ಕೆ ಮುಂಚೆ ಒಟ್ಟಿಗೆ ಬರುತ್ತೆ, ತಿನ್ನೋದು ಮಾತ್ರ ಮುಂದಿನ ವಸಂತದವರೆಗೆ. ಅಟ್ಟದಲ್ಲಿ ಹುಲ್ಲು ಹಾಸಿ ಒಂದಕ್ಕೊಂದು ತಾಗದಂತೆ ಜೋಡಿಸ್ತಿದ್ರು. ಬಿಲ್ಲೆ ಕತ್ತರಿಸಿ ಒಣಗಿಸ್ತಿದ್ರು. ಉಳಿದಿದ್ದಕ್ಕೆ ಸಕ್ಕರೆ. ಸೇಬಿನಲ್ಲಿ ಪೆಕ್ಟಿನ್ ಅನ್ನುವ ಅಂಟು ಪದಾರ್ಥ ಜಾಸ್ತಿ, ಹುಳಿಯೂ ಇದೆ. ಹಾಗಾಗಿ ಸಕ್ಕರೆ ಹಾಕಿ ಕುದಿಸಿದರೆ ಜಾಮು ತಾನಾಗೇ ಗಟ್ಟಿಯಾಗುತ್ತೆ.

ಶುಂಠಿಯೂ ಸೇಬೂ ಒಂದೇ ಪಾತ್ರೆಗೆ ಬಿದ್ದಿದ್ದಕ್ಕೆ ಒಳ್ಳೆ ಸಾಕ್ಷಿ ಇಸಬೆಲ್ಲಾ ಬೀಟನ್ ಅವರ ಅಡುಗೆ ಪುಸ್ತಕ, 1861ರದ್ದು. ಆ ಕಾಲದಲ್ಲಿ ಚೀನಾದಿಂದ ನೀಲಿ-ಬಿಳಿ ಪಿಂಗಾಣಿ ಜಾಡಿಗಳಲ್ಲಿ ಪಾಕದ ಶುಂಠಿ ಬರ್ತಿತ್ತು. ಅದು ಸಾಹುಕಾರರ ತಿಂಡಿ. ಬೀಟನ್ ಪುಸ್ತಕದಲ್ಲಿ 'ಆ್ಯಪಲ್ ಜಿಂಜರ್' ಅಂತ ಒಂದು ವಿಧಾನ ಇದೆ. ಗಟ್ಟಿ ಸೇಬು ಎಷ್ಟೋ ಅಷ್ಟೇ ತೂಕದ ಸಕ್ಕರೆ, ನೀರು, ಶುಂಠಿಯ ಸಾರ. ಹೋಳುಗಳು ಗಾಜಿನ ಹಾಗೆ ಪಾರದರ್ಶಕ ಆಗುವ ತನಕ ಪಾಕದಲ್ಲಿ ಬೇಯಿಸಬೇಕು. ನೋಡೋಕೂ ತಿನ್ನೋಕೂ ಸುಮಾರಾಗಿ ಆ ದುಬಾರಿ ಶುಂಠಿಯ ಹಾಗೇ. ಮಧ್ಯಮ ವರ್ಗದ ಜುಗಾಡ್ ಅನ್ನಿ! ಈಕೆ ತೀರಿಕೊಂಡಾಗ ವಯಸ್ಸು ಬರೀ 28. 1874ರಲ್ಲಿ ಬ್ರಿಟನ್ ಸಕ್ಕರೆ ಮೇಲಿನ ಸುಂಕ ತೆಗೆದುಹಾಕಿತು. ಸಕ್ಕರೆ ಅಗ್ಗ ಆಯ್ತು, ಜಾಮಿನ ಕಾರ್ಖಾನೆಗಳು ಬೆಳೆದವು, ಕೂಲಿಯವನ ಬ್ರೆಡ್ಡಿಗೂ ಜಾಮು ಬಂತು.

ನಮ್ಮ ಕರಾವಳಿಯಿಂದ ಹೋದ ಶುಂಠಿ ಕೇಕಿನ ರೂಪದಲ್ಲಿ ಇದೇ ಕರಾವಳಿಗೆ ವಾಪಸ್ ಬಂದಿದ್ದೂ ಸುಮಾರು ಆಗಲೇ. ಬರ್ಮಾದಲ್ಲಿ ಬಿಸ್ಕತ್ತು ಮಾಡೋದು ಕಲಿತು ಬಂದು ತಲಶ್ಶೇರಿಯಲ್ಲಿ ಬೇಕರಿ ಇಟ್ಟಿದ್ದ ಮಾಂಬಳ್ಳಿ ಬಾಪು, 1883ರಲ್ಲಿ ಒಬ್ಬ ಬ್ರಿಟಿಷ್ ತೋಟದ ಮಾಲೀಕ ತಂದುಕೊಟ್ಟ ಸ್ಯಾಂಪಲ್ ನೋಡಿ ಕ್ರಿಸ್‌ಮಸ್ ಕೇಕ್ ಮಾಡಿದ ಅಂತ ಅಲ್ಲಿಯ ಕಥೆ. ನಮ್ಮ ಆಫೀಸ್ ಪ್ಯಾಂಟ್ರಿಯ ಕೇಕು ಅದರ ಮೊಮ್ಮಗಳೋ ಮರಿಮಗಳೋ.

ಸೇಬೂ ಹೀಗೇ ಬಂತು. ಅಮೆರಿಕದ ಫಿಲಡೆಲ್ಫಿಯಾದಿಂದ 1904ರಲ್ಲಿ ಬಂದು ಶಿಮ್ಲಾ ಬೆಟ್ಟದ ಕೋಟ್‌ಗಢದಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್, ರೆಡ್ ಡೆಲಿಷಿಯಸ್ ಸಸಿಗಳನ್ನು ತರಿಸಿ ನೆಟ್ಟ. ತಾನು ಬೆಳೆದು ಸುಮ್ಮನಾಗಲಿಲ್ಲ, ಊರವರಿಂದಲೂ ಬೆಳೆಸಿದ. ಸ್ವಾತಂತ್ರ್ಯ ಚಳವಳಿಗೆ ಸೇರಿ ಜೈಲಿಗೂ ಹೋದ. ಆಮೇಲೆ ಸತ್ಯಾನಂದ ಆದ. ಇವತ್ತು ಹಿಮಾಚಲದಲ್ಲಿ ಗಾಯವಾದ, ಆಕಾರ ಕೆಟ್ಟ ಸೇಬನ್ನೂ ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುವ ವ್ಯವಸ್ಥೆ ಇದೆ. ಪರ್ವಾಣೂದ ಕಾರ್ಖಾನೆಯಲ್ಲಿ ಅದು ರಸವಾಗಿ ಗಟ್ಟಿಯಾಗಿ ಡ್ರಮ್ಮು ಸೇರುತ್ತೆ. ಅಲ್ಲಿಯ ರೈತರಿಗೂ ಕಷ್ಟ ಇದೆ, ಇಲ್ಲ ಅನ್ನೋದಿಲ್ಲ. ಆದರೆ ಬಿದ್ದ ಹಣ್ಣಿಗೂ ಹೋಗೋಕೆ ಒಂದು ಜಾಗ ಇದೆ. ನಮ್ಮ ಗದ್ದೆಯ ಶುಂಠಿಗೆ ಆ ವರ್ಷ ಆ ಜಾಗ ಸಿಗಲಿಲ್ಲ.

ಈ ಇತಿಹಾಸ ಓದಿ ನನಗೆ ಅರ್ಥ ಆಗಿದ್ದು ಇಷ್ಟು. ಬೆಳೆ ಕಿತ್ತ ದಿನದಿಂದ ಬೆಳೆದವನ ಗಡಿಯಾರ ಓಡೋಕೆ ಶುರು. ಇವತ್ತು ಮಾರದಿದ್ದರೆ ನಾಳೆ ಇಲ್ಲ. ಜಾಡಿ ಇರುವವನಿಗೆ ಆ ಅವಸರ ಇಲ್ಲ, ಅವನು ಕಾಯಬಲ್ಲ. ಕಾಯುವವನೇ ರೇಟು ಹೇಳ್ತಾನೆ. ರೋಮಿನ ಕಾಲದ ವ್ಯಾಪಾರಿಯಿಂದ ಇವತ್ತಿನ ಆನ್‌ಲೈನ್ ಜಾಡಿಯ ತನಕ ಇದು ಬದಲಾಗಿಲ್ಲ. ಅಪ್ಪಯ್ಯನ ಬೆಳೆಯಲ್ಲಿ ತಪ್ಪಿರಲಿಲ್ಲ. ಅವರ ಹತ್ತಿರ ಜಾಡಿ ಇರಲಿಲ್ಲ, ಅಷ್ಟೇ.

ಹೋದ ದೀಪಾವಳಿಗೆ ಊರಿಗೆ ಹೋಗುವಾಗ ಎರಡು ಕೆ.ಜಿ. ಹಿಮಾಚಲದ ಸೇಬು ತಗೊಂಡು ಹೋದೆ. ಬೀಟನ್ನಮ್ಮನ ಲೆಕ್ಕದ ಪ್ರಕಾರ ಎರಡು ಕೆ.ಜಿ. ಸಕ್ಕರೆ, ಶುಂಠಿಯ ಸಾರದ ಬದಲು ನಮ್ಮ ಹಿತ್ತಲದ್ದೇ ಹಸಿ ಶುಂಠಿ ಜಜ್ಜಿ ತೆಗೆದ ರಸ. ಅಮ್ಮ ಮೊದಲು ನಕ್ಕಳು. "ಇದೇನೋ ಇದು, ಸೇಬಿನ ಹಣ್ಣಿಗೆ ಶುಂಠಿ? ಜ್ವರ ಬಂದವರಿಗಾ?" ಆಮೇಲೆ ಅವಳೇ ಸೌಟು ಕಿತ್ತುಕೊಂಡು ಪಾಕದ ಎಳೆ ನೋಡಿ, "ಇನ್ನೂ ಆಗಲಿಲ್ಲ, ಉರಿ ಸಣ್ಣ ಮಾಡು" ಅಂದಳು. ಹೋಳು ಗಾಜಿನ ಹಾಗೆ ಆಯ್ತು. ನಾಲ್ಕು ಬಾಟ್ಲಿ ತುಂಬ್ತು.

ಅಪ್ಪಯ್ಯ ಒಂದು ಹೋಳು ಬಾಯಿಗೆ ಹಾಕಿಕೊಂಡು ಸುಮಾರು ಹೊತ್ತು ಅಗಿದರು. ಬಾಟ್ಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಎಷ್ಟು ದಿನ ಇರ್ತದೆ ಇದು?"

"ಸರಿಯಾಗಿ ಮುಚ್ಚಿಟ್ಟರೆ ಆರು ತಿಂಗಳು ಏನೂ ಆಗಲ್ಲ ಅಪ್ಪಯ್ಯ."

ಅವರು ತಲೆಯಾಡಿಸಿದರು. ಮಾರನೇ ದಿನ ಬೆಳಿಗ್ಗೆ ನಾನು ಎದ್ದು ಹೊರಗೆ ಬರುವಾಗ, ಪಕ್ಕದ ಮನೆಯ ಇಬ್ಬರು ರೈತರನ್ನು ಜಗಲಿಯಲ್ಲಿ ಕೂರಿಸಿಕೊಂಡು, ಆ ಬಾಟ್ಲಿ ಮುಂದಿಟ್ಟು, ನಾಲ್ಕು ಮನೆಯವರು ಸೇರಿ ಒಂದು ಒಣಗಿಸುವ ಶೆಡ್ ಹಾಕಿದರೆ ಎಷ್ಟು ಖರ್ಚಾಗಬಹುದು ಅಂತ ಲೆಕ್ಕ ಹಾಕ್ತಿದ್ರು.