ಮರೆವಿನ ಮನೆಗೆ ಯಾರು ಯಜಮಾನರು?

ಮಗ ಅಮೆರಿಕದಲ್ಲಿ, ತಾಯಿ ಮೈಸೂರಿನಲ್ಲಿ. ಮನೆ, ಬ್ಯಾಂಕು ನೋಡಿಕೊಳ್ಳಲು ತಾಯಿ ಮಗನಿಗೆ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಬರೆದುಕೊಟ್ಟಿದ್ದಾರೆ. ಇಂಥ ಕುಟುಂಬಗಳು ಇದೇ ಸಾಕೆಂದು ನೆಮ್ಮದಿಯಿಂದಿರುತ್ತವೆ. ಆದರೆ 1872ರ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿಸ್ವಾಸ್ಥ್ಯ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ತಾಯಿಗೆ ಮರೆವಿನ ಕಾಯಿಲೆ ಆವರಿಸಿ ಅಗತ್ಯ ಬಿದ್ದ ಹೊತ್ತಿಗೇ ಪತ್ರ ಕೈಕೊಡುತ್ತದೆ.

ಬುದ್ಧಿಸ್ವಾಸ್ಥ್ಯ ತಪ್ಪಿದವರ ಆಸ್ತಿ ನೋಡಿಕೊಳ್ಳುವ ಹೊಣೆಯನ್ನು ಹಿಂದಿನವರು ನ್ಯಾಯಾಲಯಕ್ಕೆ ಒಪ್ಪಿಸಿದ್ದರು. 1858ರಲ್ಲಿ ಬ್ರಿಟಿಷ್ ಆಡಳಿತ ಇದಕ್ಕೆ ಕಾನೂನು ತಂದಿತು. 1912ರ ಲ್ಯೂನಸಿ (ಬುದ್ಧಿಭ್ರಮಣೆ) ಕಾಯ್ದೆ ಅದನ್ನು ಪರಿಷ್ಕರಿಸಿ ಒಗ್ಗೂಡಿಸಿತು. ಬಂಧುಗಳು ಅರ್ಜಿ ಹಾಕಿದರೆ ನ್ಯಾಯಾಲಯ ವಿಚಾರಣೆ ನಡೆಸಿ ಆಸ್ತಿಗೆ ಮ್ಯಾನೇಜರನನ್ನು ನೇಮಿಸುತ್ತಿತ್ತು. ಅವನು ಆಸ್ತಿಯ ಪಟ್ಟಿ, ವರ್ಷವರ್ಷದ ಲೆಕ್ಕ ಒಪ್ಪಿಸಬೇಕಿತ್ತು. ಅನುಮತಿಯಿಲ್ಲದೆ ಮನೆ, ಜಮೀನು ಮಾರುವಂತಿರಲಿಲ್ಲ.

1987ರ ಮಾನಸಿಕ ಆರೋಗ್ಯ ಕಾಯ್ದೆ ಈ ಏರ್ಪಾಡನ್ನು ಉಳಿಸಿಕೊಂಡಿತು. ಅದರ ಜಾಗಕ್ಕೆ ಬಂದ 2017ರ ಕಾಯ್ದೆ ರೋಗಿಯ ಹಕ್ಕುಗಳನ್ನು ಎತ್ತಿಹಿಡಿಯಿತು, ಆದರೆ ಆಸ್ತಿ ನಿರ್ವಹಣೆಯ ಅಧ್ಯಾಯವನ್ನೇ ಕೈಬಿಟ್ಟಿತು.

ಈ ಕೊರತೆ ತುಂಬಲು ಕುಟುಂಬಗಳು ಹೈಕೋರ್ಟ್‌ಗಳ ಮೆಟ್ಟಿಲು ಹತ್ತುತ್ತಿವೆ. ಕೋಮಾದಲ್ಲಿರುವವರಿಗೆ ಪಾಲಕರನ್ನು ನೇಮಿಸಲು ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿಯನ್ನೇ ರೂಪಿಸಿತು.

ಇಂಗ್ಲೆಂಡ್ 1985ರಲ್ಲೇ ಬೇರೆ ದಾರಿ ಹಿಡಿಯಿತು: ಬುದ್ಧಿ ಸರಿಯಿದ್ದಾಗ ಬರೆದ ಅಧಿಕಾರ ಪತ್ರ ಮುಂದೆ ಮರೆವು ಆವರಿಸಿದರೂ ಊರ್ಜಿತವಾಗಿ ಉಳಿಯುವಂತೆ ಕಾನೂನು ಮಾಡಿತು. ಮಕ್ಕಳು ಹೊರನಾಡಿನಲ್ಲಿರುವ ನಮ್ಮ ಸಾವಿರಾರು ಮನೆಗಳಿಗೂ ಅಂಥ ಕಾನೂನು ಬೇಕು, ಬೇಗ ಬೇಕು.