ಕೊಲಾಬಾದ ನೊಣಗಳೂ ನೆನಪಿನ ಕಿಡಿಯೂ

ಮುಂಬಯಿಯ ದಕ್ಷಿಣ ತುದಿಯ ಕೊಲಾಬಾದಲ್ಲಿ, ಕಡಲಿಗೆ ಮುಖ ಮಾಡಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ನಿಂತಿದೆ. ಗಣಿತ, ಭೌತವಿಜ್ಞಾನಗಳಿಗೆ ಹೆಸರಾದ ಈ ಸಂಸ್ಥೆಗೆ ಹೋಮಿ ಭಾಭಾ ಅವರ ಆಹ್ವಾನದಂತೆ 1962ರಲ್ಲಿ ಒಬೈದ್ ಸಿದ್ದಿಕಿ ಬಂದು ಅಣುಜೀವವಿಜ್ಞಾನದ ವಿಭಾಗವನ್ನು ಕಟ್ಟಿದರು. 1970ರ ದಶಕದಲ್ಲಿ ಅವರು ಹಣ್ಣುನೊಣಗಳತ್ತ ತಿರುಗಿದರು. ಶಿಷ್ಯೆ ವೆರೊನಿಕಾ ರಾಡ್ರಿಗಸ್ ಅವರೊಡನೆ, ವಾಸನೆ ಮತ್ತು ರುಚಿಯ ಗ್ರಹಿಕೆಯಲ್ಲಿ ದೋಷವಿದ್ದ ನೊಣಗಳನ್ನು ಆರಿಸಿ ಅಭ್ಯಸಿಸಿದರು. ವಿದ್ಯುತ್ ಆಘಾತದ ಜೊತೆಗೆ ಬಂದ ವಾಸನೆಯನ್ನು ನೊಣವೂ ನೆನಪಿಟ್ಟು ದೂರ ಸರಿಯುತ್ತದೆಂದು 1974ರಲ್ಲಿ ಅಮೆರಿಕದ ಸೀಮೋರ್ ಬೆಂಜರ್ ಅವರ ಪ್ರಯೋಗಾಲಯ ತೋರಿಸಿತ್ತು. ನೆನಪು ಹೀಗೆ ರಸಾಯನದ ಪ್ರಶ್ನೆಯೂ ಆಯಿತು.

ಆ ರಸಾಯನದಲ್ಲಿ ಒಬ್ಬ ಅಪರಾಧಿ ಮೊದಲೇ ಗೊತ್ತಾಗಿದ್ದ. ಉಸಿರಾಟದಲ್ಲಿ ಹುಟ್ಟುವ ಉಗ್ರ ಕಣಗಳೇ ಮುಪ್ಪಿಗೆ ಕಾರಣವೆಂದು 1956ರಲ್ಲಿ ಡೆನ್‌ಹ್ಯಾಮ್ ಹಾರ್ಮನ್ ವಾದಿಸಿದ್ದರು. ಸೂಪರ್‌ಆಕ್ಸೈಡ್ ಎಂಬ ಅಂಥ ಕಣವನ್ನು ತಣಿಸುವ ಕಿಣ್ವವೊಂದು ನಮ್ಮ ಜೀವಕೋಶಗಳಲ್ಲಿದೆಯೆಂದು 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ತಿಳಿಸಿದರು. ಇವು ವೈರಿಗಳೆಂಬ ತೀರ್ಪು ಅಲ್ಲಿಗೆ ಗಟ್ಟಿಯಾಯಿತು.

ತೀರ್ಪು ಅರ್ಧ ಸತ್ಯವೆಂದು ಮುಂದೆ ತಿಳಿಯಿತು. ಆ ಕಿಣ್ವ ಅಧಿಕವಾಗಿದ್ದ ಎಳೆಯ ಇಲಿಗಳ ಮಿದುಳಿನಲ್ಲಿ ನರಕೋಶಗಳ ನಡುವಣ ಸಂಪರ್ಕ ಗಟ್ಟಿಗೊಳ್ಳಲು ತಡವರಿಸಿತು. ಅವು ಕಲಿತದ್ದನ್ನೂ ಸರಿಯಾಗಿ ಉಳಿಸಿಕೊಳ್ಳಲಿಲ್ಲ. ಸೂಪರ್‌ಆಕ್ಸೈಡನ್ನು ಬೇಕೆಂದೇ ತಯಾರಿಸುವ ಕಿಣ್ವವಿಲ್ಲದ ಇಲಿಗಳಲ್ಲೂ ಇಂಥದೇ ಕೊರತೆ ಕಂಡಿತು. ಆದರೆ ವಯಸ್ಸಾದ ಇಲಿಗಳಲ್ಲಿ ಕಥೆ ತಿರುವುಮುರುವಾಯಿತು: ಅಲ್ಲಿ ತಣಿಸುವ ಕಿಣ್ವದ ಹೆಚ್ಚಳವೇ ಒಳಿತು ಮಾಡಿತು. ಒಲೆಯ ಕಿಡಿಯಂತೆ ಇದು. ಆರಿದರೆ ಅಡುಗೆಯಿಲ್ಲ, ಹಾರಿದರೆ ಮನೆಯಿಲ್ಲ.

ಈ ಇತಿಹಾಸ ನಮಗೆ ದೂರದ್ದಲ್ಲ. ಉಪನಗರದ ನಮ್ಮ ಮನೆಯಲ್ಲಿ ಹಿರಿಯರೊಬ್ಬರು ಊರಿನ ಹೆಸರುಗಳನ್ನು ಒಂದೊಂದಾಗಿ ಕಳೆದುಕೊಳ್ಳತೊಡಗಿದಾಗ, ನಾವೂ ಆಂಟಿಆಕ್ಸಿಡೆಂಟ್ ಗುಳಿಗೆಗಳ ಡಬ್ಬಿ ತಂದಿಟ್ಟೆವು. ಮನೆಯ ಶಾಲಾಮಕ್ಕಳಿಗೂ ಅದನ್ನೇ ಕೊಡಹೊರಟಿದ್ದೆವು, ಪರೀಕ್ಷೆಗೆ ಒಳ್ಳೆಯದೆಂದು! ಇಲಿಗಳ ಫಲಿತಾಂಶ ಮನುಷ್ಯರ ಔಷಧಚೀಟಿಯಲ್ಲ, ನಿಜ. ಆದರೂ ಒಂದೇ ಗುಳಿಗೆ ಅಜ್ಜಿಗೂ ಮೊಮ್ಮಗನಿಗೂ ಹಿತವೆಂಬ ನಮ್ಮ ನೆಚ್ಚಿಕೆ ಅಲುಗಿತು. ಮಕ್ಕಳ ಡಬ್ಬಿಯನ್ನು ತೆರೆಯಲಿಲ್ಲ. ಹಿರಿಯರನ್ನು ವೈದ್ಯರ ಬಳಿಗೆ ಕರೆದೊಯ್ದೆವು.

ಸಿದ್ದಿಕಿಯವರು ಮುಂದೆ ತಮ್ಮ ನೊಣಗಳೊಡನೆ ಬೆಂಗಳೂರಿಗೆ ತೆರಳಿ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. 2013ರಲ್ಲಿ ಅಲ್ಲಿಯೇ ತೀರಿಕೊಂಡರು. ನಾವು ಕರ್ನಾಟಕದಿಂದ ಮುಂಬಯಿಗೆ ನೆನಪುಗಳನ್ನು ಹೊತ್ತು ತಂದವರು. ನೆನಪಿನ ವಿಜ್ಞಾನ ಅದೇ ಹಾದಿಯಲ್ಲಿ ಎದುರು ದಿಕ್ಕಿಗೆ ನಡೆಯಿತು.